ನಟ್ಟಿನ ಮೇಲಿನ ಸುಣ್ಣದ ಗೆರೆ

"ಗುರುಗಳೇ, ಒಳ್ಳೆಯವರು ಇದ್ದಕ್ಕಿದ್ದಂತೆ ಕೆಟ್ಟುಹೋಗುವುದು ಏಕೆ?" ಎಂದು ಮರುಳಸಿದ್ಧ ಕೇಳಿದ.

ಮಠದ ಆಡಳಿತ ನೋಡಿಕೊಳ್ಳುತ್ತಿದ್ದ ಹಳೆಯ ಪಾರುಪತ್ಯಗಾರರಿಗೆ ವಯಸ್ಸಾಗಿತ್ತು. ಆರು ತಿಂಗಳ ಹಿಂದೆ ಗುರುಗಳು ಆ ಕೆಲಸವನ್ನು ಈ ಶಿಷ್ಯನಿಗೆ ವಹಿಸಿದ್ದರು. ಅವನು ಬಲು ಚುರುಕು. ಅರ್ಧ ದಿನದ ಕೆಲಸವನ್ನು ಒಂದು ಗಳಿಗೆಯಲ್ಲಿ ಮುಗಿಸುತ್ತಿದ್ದ, ಉಳಿದವರೂ ಹಾಗೆಯೇ ಮುಗಿಸಬೇಕು ಎನ್ನುತ್ತಿದ್ದ. ಈಗ ಅವನ ದೂರು ಅಡುಗೆಯ ನಿಂಗಮ್ಮನ ಮೇಲೆ. ಇಪ್ಪತ್ತು ವರ್ಷ ಮಠದಲ್ಲಿ ಬೇಯಿಸಿ ಬಡಿಸಿದ ಹೆಂಗಸು ಈಗೀಗ ಎದುರು ಮಾತಾಡುತ್ತಾಳೆ, ಅವನು ಒಳಗೆ ಕಾಲಿಟ್ಟರೆ ಆಡುತ್ತಿದ್ದ ಮಾತನ್ನೂ ನಿಲ್ಲಿಸುತ್ತಾಳೆ. ಏನನ್ನೋ ಮುಚ್ಚಿಡುತ್ತಿದ್ದಾಳೆ, ಯಾರೋ ಅವಳ ತಲೆ ಕೆಡಿಸಿದ್ದಾರೆ. ನಾಳೆಯೇ ಅವಳನ್ನು ಕಳುಹಿಸಿಬಿಡಲು ಅಪ್ಪಣೆಯಾಗಬೇಕು ಎಂದ.

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಜೀಪಿನವನಿದ್ದ. ಬೆಟ್ಟದ ಮೇಲೆ ಅವನ ಊರು, ಕೆಳಗೆ ಸಂತೆ. ನಡುವೆ ಇದ್ದದ್ದನ್ನು ರಸ್ತೆ ಎಂದು ಕರೆದವರು ಅದರಲ್ಲಿ ಓಡಾಡಿದವರಲ್ಲ. ಜನರನ್ನೂ ಮೂಟೆಗಳನ್ನೂ ಹೇರಿಕೊಂಡು ಅವನ ಪುಟ್ಟ ಜೀಪು ದಿನಕ್ಕೆರಡು ಸಲ ಹತ್ತಿ ಇಳಿಯುತ್ತಿತ್ತು. ಕಡಿದಾದ ತಿರುವಿನಲ್ಲಿ ಮಾತ್ರ ಕೈಚೆಲ್ಲಿ ನಿಂತುಬಿಡುತ್ತಿತ್ತು. ಆಗ ಜನ ಇಳಿದು ತಳ್ಳಬೇಕು. ತಳ್ಳುವವರು ಹಿಂದಿನಿಂದ ಆಡುವ ಮಾತುಗಳು ಜೀಪಿನವನ ಕಿವಿಗೂ ಬೀಳುತ್ತಿದ್ದವು. ಕೊನೆಗೆ ಅವನಿಗೆ ರೋಸಿಹೋಯಿತು. ಸಂತೆಯ ಊರಿನ ಮೆಕ್ಯಾನಿಕ್ ಹತ್ತಿರ ಹೋಗಿ, ದೊಡ್ಡ ಗಾಡಿಯೊಂದರ ಎಂಜಿನ್ನನ್ನು ತನ್ನ ಜೀಪಿಗೆ ಹಾಕಿಕೊಡು ಎಂದ.

ಮೆಕ್ಯಾನಿಕ್ ಅವನ ಬಾಲ್ಯದ ಗೆಳೆಯ. ಬೇಡವೆಂದು ಪರಿಪರಿಯಾಗಿ ಹೇಳಿ ನೋಡಿದ. ಕೇಳದಿದ್ದಾಗ ಹಾಕಿಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ.

"ಎಂಜಿನ್ ಗಟ್ಟಿ ಐತೆ, ಗಾಡಿ ಮೈ ಹಳೇದು. ಹದಿನೈದು ದಿನಕ್ಕೊಂದ್ಸಲ ತಗೊಂಡು ಬಾ, ನಟ್ಟು ಬಿಗಿದು ಕೊಡ್ತೀನಿ. ಕಾಸೇನೂ ಬೇಡ."

ಜೀಪು ಆ ತಿರುವನ್ನು ಒಂದೇ ಉಸಿರಿಗೆ ಹತ್ತಿತು. ಜನ ಬೆರಗಾದರು, ಜೀಪಿನವನು ಬೀಗಿದ. ಆದರೆ ಗೆಳೆಯನ ಕೊನೆಯ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಕಾಸು ಬೇಡ ಎಂದನಲ್ಲ, ಏಕೆ? ಬೇಕು ಎಂದಿದ್ದರೆ ಗೊಣಗಿಕೊಂಡು ಕೊಟ್ಟು ನೆಮ್ಮದಿಯಾಗಿರುತ್ತಿದ್ದ. ಬಿಟ್ಟಿ ಮಾಡಿಕೊಡುತ್ತೇನೆ, ಬಾ ಬಾ ಎಂದು ಕರೆಯುವವನ ಮನಸ್ಸಿನಲ್ಲಿ ಏನೋ ಇರಲೇಬೇಕು ಎಂದುಕೊಂಡ.

ಮೊದಲ ಸಲ ನಟ್ಟು ಬಿಗಿಸಿಕೊಂಡು ಬಂದ. ಎಂಜಿನ್ನಿನ ಗಡಗಡ ನಿಂತಿತು. ಅದು ನಿಂತದ್ದೇ ತಡ, ಬಾಗಿಲಿನ ಕಟಕಟ ಕೇಳಿಸಿತು. ಎರಡನೆಯ ಸಲ ಹೋಗಿ ಅದನ್ನು ಸರಿಮಾಡಿಸಿದ. ಸೀಟಿನ ಕೆಳಗೆ ಇನ್ನೊಂದು ಸದ್ದು ಎದ್ದಿತು. ಮುಂಚೆ ಇರದ ಸದ್ದುಗಳು ಈಗ ಎಲ್ಲಿಂದ ಬಂದವು? ಇವನು ಒಂದನ್ನು ಬಿಗಿದು ಇನ್ನೊಂದನ್ನು ಸಡಿಲಿಸುತ್ತಿದ್ದಾನೆ, ತನ್ನನ್ನು ಗಾಣದ ಎತ್ತಿನಂತೆ ಗ್ಯಾರೇಜಿನ ಸುತ್ತ ತಿರುಗಿಸುತ್ತಿದ್ದಾನೆ ಎಂದು ಜೀಪಿನವನಿಗೆ ಖಾತ್ರಿಯಾಯಿತು. ಬಾಲ್ಯದ ಗೆಳೆಯ ಎಂಬುದು ನೆನಪಿಗೆ ಬಾರದೆ ಇರಲಿಲ್ಲ. ಗೆಳೆಯನಾದ್ದರಿಂದಲೇ ಇಷ್ಟು ಧೈರ್ಯ ಎಂದುಕೊಂಡ.

ಮೂರನೆಯ ಸಲ ಅವನು ಒಂದು ಉಪಾಯ ಹೂಡಿದ. ಎಂಜಿನ್ನಿಗೆ ಸಂಬಂಧವಿಲ್ಲದ ಹತ್ತು ನಟ್ಟುಗಳನ್ನು ಆರಿಸಿ, ಗ್ಯಾರೇಜಿನ ಹತ್ತಿರ ಬಂದ ಮೇಲೆ ಅವುಗಳನ್ನು ತಾನೇ ಬಿಗಿದ. ಪ್ರತಿ ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಸುಣ್ಣದ ಒಂದು ಗೆರೆ ಎಳೆದ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ತೋರಬೇಕು. ಗೆಳೆಯನಿಗೆ ಎಂಜಿನ್ನಿನ ನಟ್ಟುಗಳನ್ನಷ್ಟೇ ಬಿಗಿ ಎಂದು ಹೇಳಿದ. ಬಿಗಿಸಿಕೊಂಡು ಬೆಟ್ಟ ಹತ್ತಿ ಮನೆಯ ಅಂಗಳಕ್ಕೆ ಬಂದವನೇ ಜೀಪಿನ ಕೆಳಗೆ ತೂರಿ ನೋಡಿದ. ಹತ್ತರಲ್ಲಿ ಆರು ಗೆರೆ ಮುರಿದಿದ್ದವು.

ಸಂತೆಯ ದಿನ ಹೋಟೆಲಿನ ಮುಂದೆ ಜನ ಸೇರಿಸಿ, ಗೆಳೆಯನನ್ನು ಕರೆಸಿ, ಮುರಿದ ಗೆರೆಗಳನ್ನು ತೋರಿಸಿದ. ನಂಬಿದವರ ಕುತ್ತಿಗೆ ಕೊಯ್ಯುವ ಕಳ್ಳ ಇವನು ಎಂದ. ಮೆಕ್ಯಾನಿಕ್ ಬಗ್ಗಿ ನೋಡಿ ಎದ್ದು ನಿಂತ.

"ಗೆರೆ ಎಳೆದಿದ್ದು ಸರಿ ಕಣೋ. ಅದನ್ನ ನೋಡಿದ್ದು ಎಲ್ಲಿ?"

"ನಮ್ಮನೆ ಅಂಗಳದಾಗೆ."

"ನನ್ನ ಗ್ಯಾರೇಜಿಂದ ನಿನ್ನ ಅಂಗಳದವರೆಗೆ ಗಾಡಿ ಓಡ್ಸಿದ್ದು ಯಾರು?"

ಆ ಲಾಯರ್ ಮಾತೆಲ್ಲ ತನ್ನ ಹತ್ತಿರ ನಡೆಯುವುದಿಲ್ಲ ಎಂದು ಜೀಪಿನವನು ರೇಗಿದ. ಜನರಿಗೂ ಆ ಪ್ರಶ್ನೆಗಿಂತ ಕಣ್ಣೆದುರಿಗಿದ್ದ ಗೆರೆಗಳೇ ದೊಡ್ಡದಾಗಿ ಕಂಡವು. ಮೆಕ್ಯಾನಿಕ್ ಹೊರಟುಹೋದ. ಅಂದಿನಿಂದ ಅವನ ಗ್ಯಾರೇಜಿಗೆ ಗಾಡಿ ಬಿಡಲು ಜನ ಹಿಂದೆಮುಂದೆ ನೋಡತೊಡಗಿದರು.

ಸದ್ದು ಮಾತ್ರ ನಿಲ್ಲಲಿಲ್ಲ. ಬೇರೆ ಮೆಕ್ಯಾನಿಕ್ ಹತ್ತಿರ ಹೋಗಲು ಜೀಪಿನವನಿಗೆ ಮನಸ್ಸಾಗಲಿಲ್ಲ. ಗೆಳೆಯನೇ ಹೀಗಾದ ಮೇಲೆ ಬೇರೆಯವನು ಹೇಗೋ! ಒಂದು ದಿನವಿಡೀ ಕೂತು ಜೀಪಿನ ಪ್ರತಿ ನಟ್ಟನ್ನೂ ತಾನೇ ಬಿಗಿದ, ಆ ಹತ್ತಕ್ಕೂ ಮತ್ತೆ ಗೆರೆ ಎಳೆದ. ಜೀಪನ್ನು ಕೊಟ್ಟಿಗೆಗೆ ಸೇರಿಸಿ ಬೀಗ ಜಡಿದ. ಬೆಳಿಗ್ಗೆ ನೋಡಿದರೆ ಒಂದು ಗೆರೆಯೂ ಮುರಿದಿರಲಿಲ್ಲ. ಆ ಕಳ್ಳನ ಕೈ ಸೋಕದಿದ್ದರೆ ನಟ್ಟು ಅಲುಗುವುದಿಲ್ಲ, ನೋಡು ಎಂದು ಹೆಂಡತಿಯನ್ನು ಕರೆದು ತೋರಿಸಿ ಹಿಗ್ಗಿದ. ಅದೇ ಹಿಗ್ಗಿನಲ್ಲಿ, ಯಾರನ್ನೂ ಹತ್ತಿಸಿಕೊಳ್ಳದೆ ಬೆಟ್ಟ ಇಳಿದ. ಎಲ್ಲೂ ನಿಲ್ಲಿಸದೆ ಮತ್ತೆ ಹತ್ತಿದ. ಅಂಗಳಕ್ಕೆ ಬಂದು ಜೀಪಿನ ಕೆಳಗೆ ತೂರಿದ.

ಏಳು ಗೆರೆ ಮುರಿದಿದ್ದವು.

ಬಹಳ ಹೊತ್ತು ಅವನು ಅಲ್ಲೇ ಅಂಗಾತ ಮಲಗಿದ್ದ. ಅನುಮಾನಪಡಲು ಇನ್ನು ಯಾರಾದರೂ ಇದ್ದಾರೆಯೇ ಎಂದು ಹುಡುಕಿದ. ಯಾರೂ ಸಿಗಲಿಲ್ಲ. ಹಳೆಯ ಎಂಜಿನ್ನು ತೆವಳಿಕೊಂಡು ಬರುತ್ತಿದ್ದ ದಾರಿಯಲ್ಲಿ ಹೊಸದು ಎಗರೆಗರಿ ಬರುತ್ತಿತ್ತು. ಆ ಹೊಡೆತ ತಾಳಲಾರದೆ ಜೀಪಿನ ಹಳೆಯ ಮೈ ಒಂದೊಂದೇ ಕಡೆ ಸಡಿಲವಾಗುತ್ತಿತ್ತು. ಗೆಳೆಯ ಮೊದಲ ದಿನವೇ ಇದನ್ನು ಹೇಳಿದ್ದ. ಜೀಪಿನವನಿಗೆ ನಾಚಿಕೆಯಾಯಿತು, ಅಳು ಬಂತು.

ಜೀಪನ್ನು ಅಲ್ಲೇ ಬಿಟ್ಟು ನಡೆದುಕೊಂಡೇ ಬೆಟ್ಟ ಇಳಿದ. ಗ್ಯಾರೇಜಿಗೆ ಬೀಗ ಬಿದ್ದಿತ್ತು. ಕೆಲಸವಿಲ್ಲದೆ ಕೂತು ಕೂತು ಸಾಕಾಗಿ, ಮೆಕ್ಯಾನಿಕ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರನ್ನೇ ಬಿಟ್ಟ, ಎಲ್ಲಿಗೆಂದು ಯಾರಿಗೂ ಹೇಳಲಿಲ್ಲ ಎಂದು ಹೋಟೆಲಿನವನು ತಿಳಿಸಿದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಆ ಗೆಳೆಯ ಮುಂದೆ ಎಂದಾದರೂ ಸಿಕ್ಕನೇ ಎಂದು ಮರುಳಸಿದ್ಧ ಕೇಳಿದ. ಸಿಗಲಿಲ್ಲ ಎಂದರು. ಮರುಳಸಿದ್ಧನಿಗೆ ಜೀಪಿನವನ ಮೇಲೆ ಸಿಟ್ಟು ಬಂತು. ಎಂಥ ಮೂಢ, ಇಷ್ಟು ಸಣ್ಣ ವಿಷಯ ಅವನಿಗೆ ಮೊದಲೇ ಹೊಳೆಯಬಾರದಿತ್ತೇ ಎಂದ. ಆಮೇಲೆ, ಅದಿರಲಿ, ನಿಂಗಮ್ಮನನ್ನು ಏನು ಮಾಡುವುದು ಎಂದು ಮತ್ತೆ ಕೇಳಿದ.

ಗುರುಗಳು ಅವನನ್ನು ನೋಡಿ ಹೇಳಿದರು: "ಆರು ತಿಂಗಳ ಹಿಂದೆ ಈ ಮಠದಲ್ಲಿ ನಾನು ಬದಲಾಯಿಸಿದ್ದು ನಿಂಗಮ್ಮನನ್ನಲ್ಲ, ಮರುಳಸಿದ್ಧ."