ಕೊಡವಿದ ಅಂಗಿ

"ಗುರುಗಳೇ, ತಿಳಿಯದೆ ಮಾಡಿದ ತಪ್ಪನ್ನು ಕಳೆದುಕೊಳ್ಳುವುದು ಹೇಗೆ?" ಎಂದು ಕರಿಬಸವ ಕೇಳಿದ.

ಅಕ್ಕ ಎದೆನೋವು ಎಂದಾಗ, ವಾಯು ಇರಬೇಕೆಂದು ಅವನೇ ತಿಂಗಳುಗಟ್ಟಲೆ ಕಷಾಯ ಕಾಸಿ ಕೊಟ್ಟಿದ್ದ. ಅಕ್ಕ ಈಗ ಆಸ್ಪತ್ರೆಯಲ್ಲಿದ್ದಳು. ಇವನು ಮಠಕ್ಕೆ ಬಂದು ಉಪವಾಸ ಕೂತು ಐದು ದಿನವಾಗಿತ್ತು.

"ಅಕ್ಕನ ಹತ್ತಿರ ಯಾರಿದ್ದಾರೆ?" ಎಂದರು ಗುರುಗಳು.

"ನರ್ಸುಗಳಿದ್ದಾರೆ."

"ಹೂಂ. ಮೊದಲು ಎರಡು ಗುಟುಕು ಮಜ್ಜಿಗೆ ಕುಡಿ, ಮಹಾರಾಯ. ಹೊಟ್ಟೆ ಹೀಗೆ ಗುರ್ ಎನ್ನುತ್ತಿದ್ದರೆ ನನ್ನ ಕತೆ ನಿನ್ನ ಕಿವಿಗೆ ಬಿದ್ದ ಹಾಗೇ!"

ಅವನು ಕುಡಿದ ಮೇಲೆ ಗುರುಗಳು ಹೇಳತೊಡಗಿದರು.

ಒಬ್ಬ ಕೂಲಿಕಾರನಿದ್ದ. ಮಾಡಿಗೆ ಹೊದಿಸುವ ಸಿಮೆಂಟ್ ಶೀಟಿನ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಕಲ್ನಾರಿನ ಮೂಟೆ ಬಿಚ್ಚಿ ಯಂತ್ರಕ್ಕೆ ಸುರಿಯಬೇಕು. ಕಲ್ನಾರು ಕಲ್ಲೇ, ಆದರೆ ಹತ್ತಿಯ ಹಾಗೆ ಎಳೆ ಎಳೆಯಾಗಿ ಹಾರುತ್ತದೆ. ಸಂಜೆ ಮನೆಗೆ ಬಂದರೆ ಅವನ ಹುಬ್ಬೂ ಬೆಳ್ಳಗೆ. "ಬಂದರಪ್ಪಾ ಹಿಟ್ಟಿನ ಗಿರಣಿ ಯಜಮಾನರು!" ಎಂದು ಹೆಂಡತಿ ನಗುತ್ತಿದ್ದಳು. ಅಂಗಿ ಬಿಚ್ಚಿಸಿಕೊಂಡು, ಹಿತ್ತಲಲ್ಲಿ ನಾಲ್ಕು ಸಲ ಜೋರಾಗಿ ಕೊಡವಿ, ಆಮೇಲೆ ನೀರಿಗೆ ಹಾಕುತ್ತಿದ್ದಳು. ಹನ್ನೆರಡು ವರ್ಷ ಹೀಗೇ ನಡೆಯಿತು. ಆ ದೂಳು ಕೇಡೆಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದವರ ನಾಲಿಗೆಗೆ ಏನಾಗಿತ್ತೋ! ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವನು ಕಾರ್ಖಾನೆ ಬಿಟ್ಟು ಇಪ್ಪತ್ತೈದು ವರ್ಷವಾದ ಮೇಲೆ ಹೆಂಡತಿಗೆ ಏದುಸಿರು ಹತ್ತಿತು. ಅವನು ಮಾತ್ರ ಗಟ್ಟಿಮುಟ್ಟಾಗಿದ್ದ. ಊರಿನ ವೈದ್ಯರು ಕ್ಷಯವೆಂದು ಆರು ತಿಂಗಳು ಮಾತ್ರೆ ನುಂಗಿಸಿದರು. ಎದೆಯಲ್ಲಿ ನೀರು ತುಂಬಿತು. ತೆಗೆಸಿದರೆ ಮತ್ತೆ ತುಂಬಿತು. ಕಡೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಶ್ವಾಸಕೋಶದ ಹೊರಪೊರೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆ ಪೊರೆಯಲ್ಲೇ ಕ್ಯಾನ್ಸರ್ ಗಡ್ಡೆ ಹಬ್ಬಿತ್ತು.

"ಏನು ಕೆಲಸ ಮಾಡುತ್ತಿದ್ದೆಯಮ್ಮ?" ಎಂದು ಡಾಕ್ಟರಮ್ಮ ಕೇಳಿದರು.

"ನಾನೆಲ್ಲಿ ಕೆಲಸಕ್ಕೆ ಹೋದೆ ತಾಯಿ? ಮನೇಲೇ ಇದ್ದೆ."

"ಯಜಮಾನರು ಎಲ್ಲಿ ದುಡಿಯುತ್ತಿದ್ದರು? ಅವರ ಬಟ್ಟೆ ಯಾರು ಒಗೆಯುತ್ತಿದ್ದರು?"

ಬಾಗಿಲ ಬಳಿ ನಿಂತಿದ್ದ ಗಂಡ ಒಳಗೆ ಬಂದು ಕಾರ್ಖಾನೆಯ ಕೆಲಸವನ್ನೂ, ಅವಳು ಕೊಡವುತ್ತಿದ್ದ ಅಂಗಿಯನ್ನೂ ಹೇಳಿದ. ಡಾಕ್ಟರಮ್ಮ ಇಬ್ಬರಿಗೂ ಬಿಡಿಸಿ ಹೇಳಿದರು. ಕಲ್ನಾರಿನ ಎಳೆ ಒಳಗೆ ಹೋದರೆ ಕಾಯಿಲೆ ತಲೆಯೆತ್ತಲು ಮೂವತ್ತು ನಲವತ್ತು ವರ್ಷ ಹಿಡಿಯಬಹುದು. ಕೊಯ್ದು ತೆಗೆಯುವ ಹಂತ ದಾಟಿದೆ. ಔಷಧಿ ಏರಿಸಬಹುದು, ನೀರು ತೆಗೆದು ಉಸಿರಾಟ ಸಲೀಸು ಮಾಡಬಹುದು. ಜೊತೆಗೆ ಒಬ್ಬರು ಇರಬೇಕು.

ಅವನು ಹೆಂಡತಿಯನ್ನು ನಾದಿನಿಯ ಕೈಗೆ ಒಪ್ಪಿಸಿ ಊರೂರು ಸುತ್ತಿದ. ತಲೆ ಬೋಳಿಸಿಕೊಂಡ. ಉಪವಾಸ ಮಾಡಿದ. ಗುಡಿಗಳ ಸುತ್ತ ಉರುಳಿದ. ಮೈ ತರಚಿಕೊಂಡು ಇಪ್ಪತ್ತು ದಿನಕ್ಕೆ ಹಿಂತಿರುಗಿದಾಗ ಅವಳು ಮಂಚದ ಮೇಲೆ ಕೂತೇ ಇದ್ದಳು. ಅವನು ಹೊಸ್ತಿಲಲ್ಲೇ ಕುಸಿದು ಗೋಳೋ ಎಂದು ಅತ್ತ.

"ನನ್ನ ಅಂಗಿಯೇ ನಿನಗೆ ಮೃತ್ಯುವಾಯಿತಲ್ಲೇ! ಈ ಪಾಪ ಎಲ್ಲಿ ತೊಳೆಯಲಿ?"

"ಅಳೋದು ಆಮೇಲೆ ಅಳಿ" ಎಂದಳು ಅವಳು. "ಮಲಗಿದರೆ ಉಸಿರು ಕಟ್ಟುತ್ತೆ. ಒರಗಿದರೆ ಈ ಹಾಳು ದಿಂಬು ಜಾರುತ್ತೆ. ಇಪ್ಪತ್ತು ದಿನದಿಂದ ಕಣ್ಣು ಮುಚ್ಚಿಲ್ಲ. ಇಲ್ಲಿ ಬಂದು ಬೆನ್ನಿಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ."

ಅವನು ಹೋಗಿ ಕೂತ. ಅವಳು ಒರಗಿಕೊಂಡಳು. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು. ಅವನ ಕಾಲು ಜೋಮು ಹಿಡಿಯಿತು, ನೊಣ ಬಂದು ಮೂಗಿನ ಮೇಲೆ ಕೂತಿತು. ಅವಳಿಗೆ ಎಚ್ಚರವಾಗುವವರೆಗೂ ಅವನು ಅಲುಗಲಿಲ್ಲ. ಮಾರನೆಯ ದಿನವೂ ಹಾಗೆಯೇ ಕೂತ. ಅವಳು ಇನ್ನೂ ಏಳು ತಿಂಗಳು ಬದುಕಿದಳು. ಅಷ್ಟೂ ದಿನ ಕೂತ.

ಗುರುಗಳು ಕತೆ ನಿಲ್ಲಿಸಿ ಮಜ್ಜಿಗೆಯ ಲೋಟ ಪಕ್ಕಕ್ಕೆ ಸರಿಸಿದರು.

"ಕಡೆಗೂ ಅವನ ತಪ್ಪು ಕಳೆಯಿತೇ, ಗುರುಗಳೇ?" ಎಂದು ಕರಿಬಸವ ಕೇಳಿದ.

"ಅದನ್ನು ಕೇಳಿಕೊಂಡು ಕೂರಲು ಅವನಿಗೆ ಪುರುಸೊತ್ತಿರಲಿಲ್ಲ, ನಿನಗೆ ಹೇಗಯ್ಯ ಸಿಕ್ಕಿತು?"