ಬೆಳ್ಳಿಚುಕ್ಕಿಯ ಒಡೆಯರು

"ಗುರುಗಳೇ, ಕೆಲವು ವಜ್ರಗಳು ಯಾವ ಮನೆ ಸೇರಿದರೆ ಆ ಮನೆಯನ್ನೇ ತಿನ್ನುತ್ತವಂತೆ. ಮನುಷ್ಯರಲ್ಲೂ ಅಂಥವರು ಇರುತ್ತಾರೆಯೇ?"

ಕೇಳಿದವನು ಅಡವಯ್ಯ. ಮೂವತ್ತರ ಹತ್ತಿರದ ಗಂಡಸು. ಮಠಕ್ಕೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಅವನು ಬಂದ ಮರುವಾರವೇ ಗುರುಗಳಿಗೆ ಜ್ವರ ಹಿಡಿದಿತ್ತು. ಉಳಿದ ಶಿಷ್ಯರೆಲ್ಲ ಭಿಕ್ಷೆಗೆಂದು ಸೀಮೆ ಸುತ್ತಲು ಹೋಗಿದ್ದರು. ಹನ್ನೊಂದು ದಿನ ಅಡವಯ್ಯನೊಬ್ಬನೇ ಗಂಜಿ ಕಾಯಿಸಿ, ಕಷಾಯ ಕುಡಿಸಿ, ಮೈ ಒರೆಸಿ ನೋಡಿಕೊಂಡಿದ್ದ. ಆ ದಿನ ಬೆಳಿಗ್ಗೆ ಜ್ವರ ಬಿಟ್ಟು ಗುರುಗಳು ಗೋಡೆಗೆ ಒರಗಿ ಕುಳಿತಿದ್ದರು. ಅಡವಯ್ಯನ ಬಗಲಲ್ಲಿ ಬಟ್ಟೆಯ ಗಂಟು ಇತ್ತು.

"ಗಂಟು ಯಾಕೆ ಕಟ್ಟಿದೆ ಎಂದು ನಾನು ಕೇಳುವ ಮೊದಲೇ ವಜ್ರದ ಮಾತು ತೆಗೆದೆ. ಸುತ್ತಿ ಬಳಸಿ ಬರಬೇಡ. ನೆಟ್ಟಗೆ ಹೇಳು," ಎಂದರು ಗುರುಗಳು.

ಅಡವಯ್ಯ ಹೇಳಿದ. ಅವನು ಹುಟ್ಟಿದ ಮೂರನೆಯ ದಿನ ತಾಯಿ ಹೋದಳು. ಎತ್ತಿ ಸಾಕಿದ ಸೋದರಮಾವ ಹಾವು ಕಚ್ಚಿ ಸತ್ತ. ಆಮೇಲೆ ಇಟ್ಟುಕೊಂಡ ಚಿಕ್ಕಪ್ಪ ಬೆಂಕಿ ಬಿದ್ದ ಮನೆಯೊಳಗೇ ಉಳಿದ. ಹೆಣ್ಣು ಕೊಡಲು ಒಪ್ಪಿದವನು ವೀಳ್ಯ ಬದಲಾಯಿಸಿದ ವಾರದಲ್ಲೇ ತೀರಿಕೊಂಡ, ಸಂಬಂಧ ಮುರಿಯಿತು. ಬರುಬರುತ್ತಾ ಊರಿನವರು ಅವನು ಎದುರಾದರೆ ದಾರಿ ಬಿಟ್ಟು ನಡೆಯತೊಡಗಿದರು.

"ಈಗ ನಿಮ್ಮ ಸರದಿ ಬಂತು ಎಂದುಕೊಂಡೆ. ನೀವು ಎದ್ದು ಕೂರುವ ತನಕ ಇದ್ದೆ. ಇನ್ನು ನಾನು ಇಲ್ಲಿರುವುದು ತಪ್ಪು. ಜನರಿಲ್ಲದ ಕಡೆ ಎಲ್ಲಿಗಾದರೂ ಹೋಗಿಬಿಡುತ್ತೇನೆ. ಹೋಗಲೋ, ಇರಲೋ, ಒಂದು ಮಾತು ಹೇಳಿ," ಎಂದ.

"ಮೊದಲು ಗಂಟು ಕೆಳಗಿಡು. ಹೊರಟು ನಿಂತವನ ಕಿವಿಗೆ ಕತೆ ಇಳಿಯುವುದಿಲ್ಲ," ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಸಾಣೆಗಾರನಿದ್ದ. ವಜ್ರಕ್ಕೆ ಸಾಣೆ ಹಿಡಿಯುವುದು, ಸೀಳುವುದು ಅವನ ಕಸುಬು. ಅವನ ಓಣಿಯಲ್ಲಿ ಇನ್ನೂ ಮೂವತ್ತು ಮನೆಗಳಿದ್ದವು. ಆ ಮನೆಗಳಲ್ಲಿ ಕಲ್ಲಿನ ಮಣಿಗಳಿಗೆ ತೂತು ಕೊರೆಯುತ್ತಿದ್ದರು. ಗಟ್ಟಿ ಕಲ್ಲಿಗೆ ಕಬ್ಬಿಣದ ಮೊನೆ ನಾಟುವುದಿಲ್ಲ. ಬೈರಿಗೆಯ ತುದಿಗೆ ಎಳ್ಳಿನಷ್ಟು ವಜ್ರದ ಚೂರು ಕೂರಿಸಬೇಕು. ಆ ಚೂರುಗಳು ಸವೆದುಹೋಗಿದ್ದವು. ಗಣಿಗೆ ನೀರು ನುಗ್ಗಿ ಎರಡು ವರ್ಷವಾಗಿತ್ತು, ಹೊಸ ಚೂರು ಬಂದಿರಲಿಲ್ಲ. ಓಣಿಯಲ್ಲಿ ಅರ್ಧ ಜನ ಮಣ್ಣು ಹೊರಲು ಹೋಗುತ್ತಿದ್ದರು. ಉಳಿದರ್ಧ ಜನ ಊರು ಬಿಡುವ ಮಾತಾಡುತ್ತಿದ್ದರು. ಸಾಣೆಗಾರನಿಗೆ ಊಟ ಸೇರುತ್ತಿರಲಿಲ್ಲ. ಕೊರೆಯುವವರು ಹೋದರೆ ಓಣಿಯೇ ಹೋದಂತೆ.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ವರ್ತಕನ ವಿಧವೆ ಅವನ ಮನೆಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ವಜ್ರವನ್ನು ಅವನ ಮುಂದಿಟ್ಟಳು. ಗಜ್ಜುಗದ ಗಾತ್ರದ ಕಲ್ಲು. ಅದಕ್ಕೆ ಬೆಳ್ಳಿಚುಕ್ಕಿ ಎಂದು ಹೆಸರು. ಆ ಸೀಮೆಯಲ್ಲಿ ಆ ಹೆಸರು ಕೇಳದವರಿಲ್ಲ. ಹಟ ಮಾಡುವ ಮಕ್ಕಳನ್ನು ಹೆದರಿಸಲಿಕ್ಕೂ ತಾಯಂದಿರು ಅದನ್ನೇ ಹೇಳುತ್ತಿದ್ದರು.

ವಜ್ರದ ಕಸುಬಿನವರಲ್ಲಿ ಒಂದು ಕಟ್ಟಳೆ ಇತ್ತು. ಹೆಸರುಳ್ಳ ಕಲ್ಲು ಕೈ ಬದಲಾಯಿಸುವಾಗ, ಕೊಡುವವರು ಅದರ ಹಿಂದಿನ ಒಡೆಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೇಳಬೇಕು. ಯಾರಿಗೆ ಏನಾಯಿತು ಎಂಬುದನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಪಾಪ ಕೊಟ್ಟವರ ತಲೆಗೆ. ಕಟ್ಟಳೆ ಒಳ್ಳೆಯದೇ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿ ಒಡೆಯರಿಗೆ ಮಾತ್ರ ಜಾಗ.

ವಿಧವೆ ಕಲ್ಲಿನ ಮೇಲೆ ಕೈಯಿಟ್ಟು ಹೇಳಿದಳು. ಮೊದಲ ಒಡೆಯ ಒಬ್ಬ ಪಾಳೆಯಗಾರ. ಕಲ್ಲನ್ನು ರುಮಾಲಿಗೆ ಸಿಕ್ಕಿಸಿಕೊಂಡು ಮೆರೆದ. ಅದರ ಆಸೆಗೆ ಒಡಹುಟ್ಟಿದ ತಮ್ಮನೇ ವಿಷ ಹಾಕಿದ. ಆ ತಮ್ಮ ಎರಡು ವರ್ಷದಲ್ಲಿ ಕೋಟೆ ಸೋತು ಕಾಡುಪಾಲಾದ. ಗೆದ್ದ ದಳಪತಿ ಕಲ್ಲನ್ನು ಯಾರ ಕೈಗೂ ಕೊಡಲಾರದೆ ಬಾಯಲ್ಲಿಟ್ಟುಕೊಂಡು ಹೊಳೆ ದಾಟಿದ. ನಡುನೀರಿನಲ್ಲಿ ಮುಳುಗಿದ. ಹೆಣದ ದವಡೆ ಬಿಡಿಸಿ ಕಲ್ಲನ್ನು ತೆಗೆದರು. ಆಮೇಲೆ ಅದು ಒಬ್ಬ ಸಾಹುಕಾರನ ಪಾಲಾಯಿತು. ಅವನು ನಿದ್ದೆಗೆಟ್ಟ, ಹೆತ್ತ ಮಗನನ್ನೇ ಕಳ್ಳನೆಂದು ಹೊರಗೆ ಹಾಕಿದ, ಕೊನೆಗೆ ಬುದ್ಧಿ ಕೆಟ್ಟು ಸತ್ತ. ಕಡೆಯವನು ಅವಳ ಗಂಡ. ಕೊಂಡ ವರ್ಷವೇ ಬಂಡಿ ಮಗುಚಿ ಅದರಡಿ ಸಿಕ್ಕಿಕೊಂಡ.

"ಈಗ ಮಗಳು ಹೆರಿಗೆಗೆ ಬಂದಿದ್ದಾಳೆ ಅಣ್ಣಾ. ದಿನ ತುಂಬಿದೆ. ಕಲ್ಲು ಮನೆಯಲ್ಲಿರುವ ತನಕ ಹೊಸ್ತಿಲು ತುಳಿಯುವುದಿಲ್ಲ ಎಂದು ಸೂಲಗಿತ್ತಿ ಹಟ ಹಿಡಿದಿದ್ದಾಳೆ. ಮಾರಹೋದರೆ ಕೊಳ್ಳುವವರಿಲ್ಲ. ದೇವರಿಗೆ ಹಾಕಹೋದರೆ ಪೂಜಾರಿ ಅಡ್ಡ ನಿಂತ. ಹೊಳೆಗೆ ಎಸೆಯೋಣವೆಂದರೆ ಅಂಬಿಗರು ಬಂದು ಕೈ ಹಿಡಿದರು. ಬಿಸಿತುಪ್ಪ ಬಾಯಿಗೆ ಬಿದ್ದಂತಾಗಿದೆ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕುಟ್ಟಿ ಪುಡಿ ಮಾಡಿಬಿಡು," ಎಂದಳು.

ಸಾಣೆಗಾರ ಕಲ್ಲನ್ನು ಬಿಸಿಲಿಗೆ ಹಿಡಿದು ನೋಡಿದ. ಹೊಟ್ಟೆಯೊಳಗೆ ಕಾಗೆಯ ಕಾಲಿನ ಗುರುತಿನ ಹಾಗೆ ಮೂರು ಗೆರೆ. ಕಸುಬಿನವರು ಅದಕ್ಕೆ ಕಾಕಪಾದ ಎನ್ನುತ್ತಾರೆ, ಯಮನ ರುಜು ಎಂದು ಹೆದರುತ್ತಾರೆ.

"ತಾಯಿ, ಇದನ್ನು ಮಣ್ಣಿನಿಂದ ಅಗೆದು ತೆಗೆದವನಿದ್ದಾನಲ್ಲ, ಸಾಣೆ ಹಿಡಿದವನಿದ್ದಾನಲ್ಲ, ಅವರಿಗೆ ಏನಾಯಿತು?" ಎಂದು ಕೇಳಿದ.

"ಅವರು ಒಡೆಯರಲ್ಲವಲ್ಲ. ಅವರ ಸುದ್ದಿ ಯಾರು ಹೇಳುತ್ತಾರೆ?"

"ನಾನು ಹೇಳುತ್ತೇನೆ ಕೇಳಿ. ಪಾಳೆಯಗಾರನಿಗೆ ಇದನ್ನು ಸಾಣೆ ಹಿಡಿದುಕೊಟ್ಟವನು ನನ್ನ ತಾತ. ಒಂದೂವರೆ ವರ್ಷ ಇದು ಅವನ ಕೈಯಲ್ಲೇ ಇತ್ತು. ತೊಂಬತ್ತು ದಾಟಿದ ಮೇಲೂ ಕಟಕಟ ಹುರಿಗಡಲೆ ಕಡಿಯುತ್ತಿದ್ದ. ಪುಡಿ ಮಾಡುವುದು ಬೇಡ. ನೀವು ಒಪ್ಪಿದರೆ ಚೂರು ಮಾಡಿ ಓಣಿಯ ಬೈರಿಗೆಗಳಿಗೆ ಹಂಚುತ್ತೇನೆ."

ಏನಾದರೂ ಮಾಡು, ತಿರುಗಿ ನನ್ನ ಮನೆಗೆ ಬಾರದಿದ್ದರೆ ಸಾಕು ಎಂದು ಅವಳು ಹೊರಟುಹೋದಳು. ಹೋಗುವಾಗ ಅವಳ ಹೆಜ್ಜೆ ಹಗುರವಾಗಿತ್ತು.

ಒಳಗಿನಿಂದ ಸಾಣೆಗಾರನ ಹೆಂಡತಿ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ದಾರಿಯಲ್ಲಿ ಹೋಗುವ ಮಾರಿಯನ್ನು ಕರೆದು ಮಣೆ ಹಾಕಿದಿರಿ. ನಿಮ್ಮ ತಾತ ಬದುಕಿದ್ದು ಕೆಲಸ ಮುಗಿಸಿ ಕೊಟ್ಟು ಕೈ ತೊಳೆದುಕೊಂಡದ್ದಕ್ಕೆ. ನೀವೂ ಬೇಗ ಕೈ ತೊಳೆದುಕೊಳ್ಳಿ," ಎಂದಳು.

ಹೆಂಗಸು ಸಿಟ್ಟಿನಲ್ಲಿ ಆಡಿದ ಮಾತು, ಆದರೆ ಅದರಲ್ಲಿ ತಿರುಳಿತ್ತು. ಸಾಣೆಗಾರನಿಗೆ ಅದು ಮರುದಿನ ತಿಳಿಯಿತು. ವಜ್ರವನ್ನು ಸೀಳುವ ಮೊದಲು ಅದರ ಎಳೆ ಯಾವ ಕಡೆಗಿದೆ ಎಂದು ನೋಡಬೇಕು. ಎಳೆ ತಪ್ಪಿಸಿ ಹೊಡೆದರೆ ಕಲ್ಲು ಹಿಟ್ಟಾಗುತ್ತದೆ. ಅವನು ಬೆಳಗಿನಿಂದ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. ನೋಡುತ್ತಾ ನೋಡುತ್ತಾ ಅದು ಚೆಂದವೆನಿಸಿತು. ಇಂಥದ್ದನ್ನು ಒಡೆಯುವುದೇ, ಇನ್ನೆರಡು ದಿನ ಇರಲಿ ಎನಿಸಿತು. ಪಕ್ಕದ ಮನೆಯವನು ಸುಣ್ಣ ಕೇಳಿಕೊಂಡು ಬಂದ. ಸಾಣೆಗಾರ ಕಲ್ಲನ್ನು ತಟ್ಟನೆ ಪಂಚೆಯಡಿ ಮುಚ್ಚಿ, ಇವನು ಸುಣ್ಣಕ್ಕೆ ಬಂದನೋ ಕಲ್ಲಿಗೆ ಬಂದನೋ ಎಂದು ಅವನ ಮುಖ ನೋಡಿದ. ಇಪ್ಪತ್ತು ವರ್ಷದ ನೆರೆಯವನು ಅವನು. ನೆರೆಯವನು ಹೋದ ಮೇಲೆ ಎದ್ದು ಬಾಗಿಲಿಗೆ ಅಗಳಿ ಹಾಕಿದ. ನಡು ಮಧ್ಯಾಹ್ನ ಅಗಳಿ ಹಾಕಿದ್ದು ಆ ಮನೆಯಲ್ಲಿ ಅದೇ ಮೊದಲು. ಅಗಳಿಯ ಮೇಲೆ ಕೈ ಇದ್ದ ಹಾಗೇ ಅವನಿಗೆ ನಾಚಿಕೆಯಾಯಿತು. ಸಾಹುಕಾರನಿಗೆ ನಿದ್ದೆ ಹೋದದ್ದು ಹೇಗೆಂದು ಗೊತ್ತಾಯಿತು. ಬಾಗಿಲು ತೆಗೆದು ಓಣಿಯವರನ್ನೆಲ್ಲ ಕೂಗಿ ಕರೆದ.

ಬಂದರು. ಬಂದವರು ಅಂಗಳದಲ್ಲೇ ದೂರ ನಿಂತರು. ಸಾಣೆಗಾರ ಕಲ್ಲನ್ನು ಅರಗಿನಲ್ಲಿ ಕೂರಿಸಿ, ತನ್ನಲ್ಲಿದ್ದ ಕೊನೆಯ ಹಳೆಯ ಚೂರಿನಿಂದ ಅದರ ಮೇಲೆ ಒಂದು ಗೀರು ಎಳೆದ. ಎಲ್ಲಿ ಎಳೆದ ಗೊತ್ತೇ? ಎಲ್ಲರೂ ಯಮನ ರುಜು ಎನ್ನುತ್ತಿದ್ದರಲ್ಲ, ಆ ಕಾಕಪಾದದ ನೇರಕ್ಕೆ. ಕಲ್ಲು ತಾನು ಎಲ್ಲಿ ಬಿಚ್ಚಿಕೊಳ್ಳುತ್ತೇನೆ ಎಂದು ಅಷ್ಟು ವರ್ಷವೂ ಅಲ್ಲೇ ತೋರಿಸುತ್ತಿತ್ತು. ಗೀರಿನಲ್ಲಿ ಅಲಗು ಇಟ್ಟು ಒಂದೇ ಏಟು ಹಾಕಿದ. ಬೆಳ್ಳಿಚುಕ್ಕಿ ಎರಡಾಯಿತು. ಎರಡು ನಾಲ್ಕಾಯಿತು. ಸಂಜೆಯ ಹೊತ್ತಿಗೆ ಬಟ್ಟೆಯ ಮೇಲೆ ಒಂದು ಹಿಡಿ ಚೂರು ಇತ್ತು.

ಯಾರೂ ಮುಂದೆ ಬರಲಿಲ್ಲ. ಕೊನೆಗೆ ಕೊರೆಯುವ ಕೆಲಸದ ಒಬ್ಬ ಮುದುಕಿ ಕೋಲೂರಿಕೊಂಡು ಬಂದು ಕೈ ಚಾಚಿದಳು. "ಹಸಿವಿನಿಂದ ಸಾಯುವುದು ಗೊತ್ತಿರುವ ದಾರಿ. ಕಲ್ಲಿನಿಂದ ಸಾಯುವುದು ಹೇಗಿರುತ್ತದೆಯೋ ನೋಡಿಯೇಬಿಡುತ್ತೇನೆ," ಎಂದಳು. ಅವಳು ಮರುದಿನವೂ ಬದುಕಿದ್ದಳು, ಹತ್ತು ಮಣಿ ಕೊರೆದಿದ್ದಳು. ಆಮೇಲೆ ಮೂವತ್ತು ಮನೆಯವರೂ ಬಂದರು. ಮಾರಿ ಮಾರಿ ಎಂದಿದ್ದ ಸಾಣೆಗಾರನ ಹೆಂಡತಿ, ಅದೇ ಓಣಿಯಲ್ಲಿದ್ದ ತನ್ನ ತವರಿನವರಿಗೆ ಕೊಟ್ಟ ಚೂರು ಚಿಕ್ಕದಾಯಿತೆಂದು ಗಂಡನೊಡನೆ ಮೂರು ದಿನ ಮಾತು ಬಿಟ್ಟಳು.

ವಿಧವೆಯ ಮಗಳು ಸುಖವಾಗಿ ಹೆತ್ತಳು. ಕಲ್ಲು ಹೋದದ್ದರಿಂದ ಎಂದು ನೀನು ಬಾಯಿ ತೆರೆಯಬೇಡ. ಅದು ಸೂಲಗಿತ್ತಿಯ ಕೈಗುಣ. ಪುಣ್ಯವನ್ನು ಕಲ್ಲಿಗೆ ಕಟ್ಟಿದರೆ ಪಾಪವನ್ನು ಕಟ್ಟಲಿಕ್ಕೂ ದಾರಿಯಾಗುತ್ತದೆ.

ಆ ವರ್ಷ ಆ ಮೂವತ್ತು ಮನೆಗಳಲ್ಲಿ ಇಬ್ಬರು ಮುದುಕರು ಸತ್ತರು. ಒಬ್ಬ ಬೇವಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಒಂದು ಕರೆಯುವ ಹಸು ಹೋಯಿತು. ಅಷ್ಟು ಮನೆ ಇದ್ದ ಮೇಲೆ ಅಷ್ಟು ಆಗಿಯೇ ಆಗುತ್ತದೆ. ಅತ್ತರು, ಮಣ್ಣು ಮಾಡಿದರು, ಹನ್ನೆರಡನೆಯ ದಿನಕ್ಕೆ ಬೈರಿಗೆ ಹಿಡಿದರು. ಕಲ್ಲಿನ ಹೆಸರು ಯಾರ ಬಾಯಿಗೂ ಬರಲಿಲ್ಲ. ಅನ್ನ ಕೊಡುವುದರ ಮೇಲೆ ಯಾರು ಗೂಬೆ ಕೂರಿಸುತ್ತಾರೆ? ಆ ಓಣಿಯಿಂದ ಒಂದು ಮನೆಯೂ ಊರು ಬಿಡಲಿಲ್ಲ. ಚೂರುಗಳು ಸವೆದು ಮುಗಿಯಲು ಹನ್ನೆರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಗಣಿಯ ನೀರು ಇಳಿದಿತ್ತು.

ಗುರುಗಳು ಇಷ್ಟು ಹೇಳಿ ನೀರು ಕುಡಿದರು. ಬಹಳ ಹೊತ್ತು ಮಾತಾಡಿ ಅವರಿಗೆ ಆಯಾಸವಾಗಿತ್ತು. ಅಡವಯ್ಯ ತಲೆ ತಗ್ಗಿಸಿ ಕುಳಿತಿದ್ದ. ಕತೆ ಅವನಿಗೆ ಹಿಡಿಸಿತ್ತು, ಆದರೆ ಎದೆಯ ಭಾರ ಇಳಿದಿರಲಿಲ್ಲ.

"ಕಲ್ಲು ಕೆಲಸಕ್ಕೆ ಬಂತು, ಉಳಿಯಿತು. ನನ್ನ ಮಾತು ಬೇರೆ ಗುರುಗಳೇ. ತಾಯಿ, ಮಾವ, ಚಿಕ್ಕಪ್ಪ, ಆ ಹುಡುಗಿಯ ತಂದೆ. ನಾನು ಹೇಳಿದ್ದರಲ್ಲಿ ಒಂದಾದರೂ ಸುಳ್ಳೇ?" ಎಂದ.

"ಒಂದೂ ಸುಳ್ಳಲ್ಲ," ಎಂದರು ಗುರುಗಳು. "ನಿನ್ನನ್ನು ಸಾಕಿ ಸತ್ತವರನ್ನೆಲ್ಲ ಹೇಳಿದೆ ಮಗನೇ, ನೀನು ಸಾಕಿ ಬದುಕಿಸಿದ ನನ್ನನ್ನು ಯಾಕೆ ಬಿಟ್ಟೆ?"

ಅಡವಯ್ಯ ಗಂಟು ಬಿಚ್ಚಿಟ್ಟು, ಗಂಜಿ ಕಾಯಿಸಲು ಎದ್ದ.