ಘಮದಮ್ಮನ ಗುಡ್ಡ

ನಮ್ಮ ಹಿರೇಗುಂಡಿಹಾಳದ ಉತ್ತರಕ್ಕಿರುವ ಗುಡ್ಡದಲ್ಲಿ ನೋಡುವಂಥದ್ದು ಹೆಚ್ಚೇನೂ ಇಲ್ಲ. ಬಿಸಿಲಿಗೆ ಕಾದ ಬಂಡೆಗಳು, ಅವುಗಳ ಸಂದಿನಲ್ಲಿ ಕರಿತುಳಸಿ, ನಾಯಿತುಳಸಿ, ಕಾಮಕಸ್ತೂರಿ, ನೆತ್ತಿಯ ಮೇಲೆ ಬಾಗಿಲಿಲ್ಲದ ಒಂದು ಗುಡಿ. ಗಿಡಗಳಿಗೆ ಕಾಲು ತಾಗಿದರೆ ಸಾಕು, ಪರಿಮಳ ಏಳುತ್ತದೆ. ಘಮದಮ್ಮನ ಗುಡ್ಡವೆಂಬ ಹೆಸರು ಅದರಿಂದಲೇ ಬಂತೆಂದು ಬಂದವರು ತಾವೇ ತೀರ್ಮಾನಿಸಿಬಿಡುತ್ತಾರೆ. ಅಲ್ಲವೆಂದು ಹೇಳಿ ಹೇಳಿ ನನಗೂ ಸಾಕಾಗಿದೆ. ಆದರೂ ಕೇಳಿದ್ದೀರಿ, ಹೇಳುತ್ತೇನೆ.

ಹಿಂದೆ ಒಮ್ಮೆ, ಊರು ಇನ್ನೂ ಗುಡ್ಡದ ಬುಡದಲ್ಲೇ ಇದ್ದಾಗ, ಹೊನ್ನೂರವ್ವ ಎಂಬ ಒಂಟಿ ಹೆಂಗಸು ಊರಿಗೆಲ್ಲ ಮದ್ದು ಕೊಡುತ್ತಿದ್ದಳಂತೆ. ಜ್ವರಕ್ಕೆ ಕರಿತುಳಸಿ, ಎದೆಗೆ ಕಟ್ಟಿದ ಕಫಕ್ಕೆ ನಾಯಿತುಳಸಿ, ಉಷ್ಣಕ್ಕೆ ನೆನೆಸಿದ ಕಾಮಕಸ್ತೂರಿ ಬೀಜ. ಎಲೆಯ ಗುಣವೆಲ್ಲ ಅದರೊಳಗಿನ ಎಣ್ಣೆಯಲ್ಲಿದೆ, ಆ ಎಣ್ಣೆ ಹಬೆಯೊಡನೆ ಹಾರಿಹೋಗುತ್ತದೆ ಎಂಬುದನ್ನು ಅವಳು ಬಲ್ಲಳು. “ನೀರು ಕುದಿಸಿ ಒಲಿಯಿಂದ ಇಳಿಸ್ರಿ, ಆಮ್ಯಾಲೆ ಎಲಿ ಹಾಕಿ ಮುಚ್ಚಳ ಮುಚ್ರಿ” ಎಂದು ಮನೆಮನೆಗೂ ಹೇಳಿದಳು. ಜನ ತಲೆಯಾಡಿಸಿದರು. ಮನೆಗೆ ಹೋಗಿ ಮಾತ್ರ ಎಲೆಯನ್ನು ತೆರೆದ ಗಡಿಗೆಯಲ್ಲೇ ಕುದಿಸಿದರು. ಓಣಿಯೆಲ್ಲ ಘಮ್ಮೆಂದರೆ ಮದ್ದು ಚೆನ್ನಾಗಿ ಬಂತೆಂದು ಹಿಗ್ಗಿದರು. ಕೆಮ್ಮು ನಿಲ್ಲದಿದ್ದಾಗ ಮತ್ತೆ ಅವಳ ಬಾಗಿಲಿಗೇ ಬಂದರು. ಕಲಿಯುವುದಕ್ಕಿಂತ ಅವಳನ್ನು ಕರೆಯುವುದೇ ಸುಲಭವಾಗಿತ್ತು. ಅವಳು ಬೈಯುತ್ತಲೇ ಎದ್ದು ಹೋಗುತ್ತಿದ್ದಳು. ಕೊನೆಕೊನೆಗೆ ಬೈಯುವುದಕ್ಕೂ ತ್ರಾಣವಿರಲಿಲ್ಲ ಎನ್ನುತ್ತಾರೆ.

ಒಂದು ಚಳಿಗಾಲ ಊರೆಲ್ಲ ಕೆಮ್ಮಿ ಮಲಗಿತು. ಎಲ್ಲರನ್ನೂ ಎಬ್ಬಿಸಿ ಕೂರಿಸಿದವಳು ಕಡೆಗೆ ತಾನೇ ಹಾಸಿಗೆ ಹಿಡಿದಳು. ಎದೆ ಕಟ್ಟಿ ಉಸಿರಾಡುವುದೇ ಕಷ್ಟವಾಯಿತು. ತನ್ನ ಮದ್ದನ್ನು ತಾನೇ ಮಾಡಿಕೊಳ್ಳುವ ಶಕ್ತಿಯಿಲ್ಲದೆ, ಪಕ್ಕದ ಮನೆಯ ಸುಂಕಮ್ಮನಿಗೆ ಅದೇ ಮಾತನ್ನು ಮತ್ತೊಮ್ಮೆ ಹೇಳಿ ಕಳಿಸಿದಳು. ಊರವರಿಗೆ ಅವಳ ಮೇಲೆ ಪ್ರೀತಿಯಿರಲಿಲ್ಲ ಎನ್ನಲಾರೆ. ನಾಯಿತುಳಸಿಯನ್ನು ಹೊರೆಗಟ್ಟಲೆ ತಂದರು, ಊರೂಟದ ಹಂಡೆಯನ್ನೇ ಒಲೆಗೇರಿಸಿದರು, ಬೆಳಗಿನಿಂದ ಸಂಜೆಯವರೆಗೆ ಕುದಿಸಿದರು. ಮುಚ್ಚಳದ ನೆನಪು ಯಾರಿಗೂ ಆಗಲಿಲ್ಲ. ಬಟ್ಟಲು ಹಿಡಿದು ಬಂದ ಸುಂಕಮ್ಮ, “ಬೇ ಯವ್ವಾ, ಊರೆಲ್ಲಾ ಘಮ ಘಮ ಅಂತೈತಿ” ಎಂದು ಸಂತೋಷದಿಂದ ಹೇಳಿದಳು.

“ಹೂನವ್ವ. ಎಲ್ಲಾ ಊರಿಗೆ ಹೋತು, ನನಗೇನೂ ಉಳೀಲಿಲ್ಲ” ಎಂದಳಂತೆ ಹೊನ್ನೂರವ್ವ. ಆದರೂ ಬಟ್ಟಲನ್ನು ಬರಿದು ಮಾಡಿದಳು, ಸುಂಕಮ್ಮನ ಮನಸ್ಸು ನೋಯಬಾರದೆಂದು. ಬೆಳಗಾಗುವಷ್ಟರಲ್ಲಿ ಉಸಿರು ನಿಂತಿತ್ತು.

ಅವಳನ್ನು ಗುಡ್ಡದ ನೆತ್ತಿಯಲ್ಲಿ ಮಣ್ಣು ಮಾಡಿ ಗುಡಿ ಕಟ್ಟಿದರು. ಅವಳು ಹೋದಾಗ ಊರೇ ಘಮಘಮಿಸಿದ್ದು ಪವಾಡವೆಂದು ಬಗೆದು, ಘಮದಮ್ಮ ಎಂದು ಹೆಸರಿಟ್ಟರು. ಈಗಲೂ ಹರಕೆ ಹೊತ್ತವರು ಗುಡಿಯ ಮುಂದೆ ಒಲೆ ಹೂಡಿ, ಅದೇ ಎಲೆಯನ್ನು ತೆರೆದ ಗಡಿಗೆಯಲ್ಲಿ ಕುದಿಸುತ್ತಾರೆ. ಹೋದರೆ ನೀವೂ ನೋಡಬಹುದು. ಪರಿಮಳ ಕೆಳಗಿನ ಊರನ್ನು ಮುಟ್ಟಿದರೆ ಅಮ್ಮ ಒಪ್ಪಿದಳೆಂದು ಕೈಮುಗಿದು, ಗಡಿಗೆಯಲ್ಲಿ ಮಿಕ್ಕ ನೀರನ್ನು ಕೆಮ್ಮುವ ಮಕ್ಕಳಿಗೆ ಕುಡಿಸುತ್ತಾರೆ.